ಪ್ರೊಸೆಸರ್ ಒರೆಸುವ ಬಾಟಲಿಯ ಮೇಲೆ ಹೆಸರಿರಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನನ್ನ ತಂಗಿಯ ಮಗ ಕೆಲಸ ಕಲಿಯುತ್ತಿರುವ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗಿದ್ದೆ. ಗಿರಾಕಿಯ ಮನೆಯಿಂದ ಬಿಸಿಲಿನಲ್ಲಿ ಸಿಪಿಯು ಹೊತ್ತು ತಂದ ಇನ್ನೊಬ್ಬ ಹುಡುಗ ಅದನ್ನು ಇಳಿಸಿದವನೇ, ಮೇಜಿನ ಮೇಲಿದ್ದ ಒಂದು ಲೀಟರಿನ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಎತ್ತಿ ಕುಡಿಯಲು ಹೊರಟ. ವಾಸನೆ ಮೂಗಿಗೆ ಬಡಿದದ್ದರಿಂದ ಕೈ ಅಲ್ಲಿಗೇ ನಿಂತಿತು. ಅದರೊಳಗೆ ಇದ್ದದ್ದು ನೀರಲ್ಲ, ಕಂಪ್ಯೂಟರಿನ ಮುಖ್ಯ ಚಿಪ್ ಆದ ಪ್ರೊಸೆಸರ್ ಮತ್ತು ಅದರ ಶಾಖವನ್ನು ಹೊರಹಾಕುವ ಲೋಹದ ಹೀಟ್‌ಸಿಂಕ್ ಮೇಲಿನ ಹಳೆಯ ಥರ್ಮಲ್ ಪೇಸ್ಟ್ ಒರೆಸಲು ಬಣ್ಣದ ಅಂಗಡಿಯಿಂದ ತಂದು ತುಂಬಿಸಿಟ್ಟಿದ್ದ ಥಿನ್ನರ್. ಬಾಟಲಿಯ ಮೇಲೆ ಕುಡಿಯುವ ನೀರಿನ ಕಂಪನಿಯ ಹೆಸರು ಹಾಗೇ ಇತ್ತು. ಅಂಗಡಿಯ ಮಾಲೀಕರು ಕೆಟ್ಟವರಲ್ಲ. ನಾನು ಕೇಳಿದಾಗ ಅವರು, ‘ಎಲ್ಲರೂ ಇದನ್ನೇ ಬಳಸುತ್ತಾರೆ ಸರ್, ಬೇಗ ಬಿಡುತ್ತದೆ’ ಎಂದು ನಿಜವನ್ನೇ ಹೇಳಿದರು. ಅವರು ಹೇಳಿದ ಆ ‘ಬೇಗ’ದ ಬಗ್ಗೆ, ಪಾಲಿಟೆಕ್ನಿಕ್ ಒಂದರ ಕಂಪ್ಯೂಟರ್ ಪ್ರಯೋಗಾಲಯವನ್ನು ಇಪ್ಪತ್ತೆಂಟು ವರ್ಷ ನೋಡಿಕೊಂಡು ನಿವೃತ್ತನಾದ ನಾನು ನಿಮ್ಮ ಪತ್ರಿಕೆಯ ಮೂಲಕ ಕೆಲವು ಮಾತು ಹೇಳಬೇಕೆಂದಿದ್ದೇನೆ.

ಬೇಸಿಗೆ ಬಂತೆಂದರೆ ಕಂಪ್ಯೂಟರ್‌ಗಳು ಬಿಸಿಯಾಗಿ ತಾವಾಗಿಯೇ ನಿಂತುಹೋಗುವ ದೂರು ಹೆಚ್ಚುತ್ತದೆ, ಅಂಗಡಿಗಳಲ್ಲಿ ‘ಪೇಸ್ಟ್ ಬದಲಾಯಿಸುವ’ ಕೆಲಸವೂ ಹೆಚ್ಚುತ್ತದೆ. ಪ್ರೊಸೆಸರ್‌ನ ಲೋಹದ ಮುಚ್ಚಳವೂ ಅದರ ಮೇಲೆ ಕೂರುವ ಹೀಟ್‌ಸಿಂಕ್‌ನ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ ಎರಡರಲ್ಲೂ ಸೂಕ್ಷ್ಮವಾದ ತಗ್ಗುಗಳಿದ್ದು, ಅವುಗಳಲ್ಲಿ ಗಾಳಿ ಉಳಿದುಬಿಡುತ್ತದೆ. ತಾಮ್ರವು ಗಾಳಿಗಿಂತ ಸುಮಾರು 15,000 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುವ ಲೋಹ. ಹಾಗಿರುವಾಗ ನಡುವೆ ಕೂದಲೆಳೆಯಷ್ಟು ಗಾಳಿ ಸಿಕ್ಕಿಕೊಂಡರೂ ದೊಡ್ಡ ತಡೆಯಾಗುತ್ತದೆ. ಆ ತಗ್ಗುಗಳನ್ನು ತುಂಬುವುದೇ ಪೇಸ್ಟಿನ ಕೆಲಸ. ಸಾಮಾನ್ಯವಾದ ಪೇಸ್ಟ್ ಎಂದರೆ ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಆಕ್ಸೈಡ್ ಅಥವಾ ಅಲ್ಯೂಮಿನಿಯಂ ಆಕ್ಸೈಡ್‌ನ ನುಣ್ಣನೆಯ ಪುಡಿಯನ್ನು ಕಲಸಿದ ಮುಲಾಮು. ವರ್ಷಗಳು ಕಳೆದಂತೆ ಎಣ್ಣೆ ಅಂಚಿಗೆ ಜಾರಿ, ಪುಡಿ ಗಟ್ಟಿಯಾಗಿ, ಗೋಡೆಯ ಸುಣ್ಣದಂತೆ ಬಿರುಕು ಬಿಡುತ್ತದೆ. ಹೊಸದನ್ನು ಹಚ್ಚುವ ಮೊದಲು ಹಳೆಯದನ್ನು ಪೂರ್ತಿ ತೆಗೆಯಬೇಕು, ತೆಗೆದ ಜಾಗದಲ್ಲಿ ಜಿಡ್ಡೂ ಉಳಿಯಬಾರದು, ಎಳೆಯೂ ಉಳಿಯಬಾರದು.

ಇಲ್ಲಿ ಥಿನ್ನರ್ ಬಳಸುವವರ ಅನುಭವವನ್ನು ಅಲ್ಲಗಳೆಯಲು ಆಗದು. ಸಿಲಿಕೋನ್ ಎಣ್ಣೆ ಟಾಲ್ವೀನ್, ಹೆಕ್ಸೇನ್, ಪೆಟ್ರೋಲ್‌ನಂಥ ದ್ರವಗಳಲ್ಲಿ ಸುಲಭವಾಗಿ ಕರಗುತ್ತದೆ, ಆಲ್ಕೊಹಾಲ್‌ಗಳಲ್ಲಿ ಅಷ್ಟಾಗಿ ಕರಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್, ಅಂದರೆ ಅಂಗಡಿಗಳಲ್ಲಿ ‘ಐಪಿಎ’ ಎಂದೇ ಕರೆಯುವ ದ್ರವ, ಪೇಸ್ಟನ್ನು ಕರಗಿಸುವುದಕ್ಕಿಂತ ಹೆಚ್ಚಾಗಿ ನೆನೆಸಿ ಸಡಿಲಗೊಳಿಸುತ್ತದೆ. ಆಮೇಲೆ ಅದನ್ನು ಎತ್ತಿಕೊಳ್ಳುವುದು ಬಟ್ಟೆಯ ಕೆಲಸ. ಅದಕ್ಕೆ ಒಂದೆರಡು ನಿಮಿಷ ಹೆಚ್ಚು ಬೇಕು. ಇಷ್ಟೇ ವ್ಯತ್ಯಾಸ. ಆ ಎರಡು ನಿಮಿಷವನ್ನು ಉಳಿಸಲು ನಮ್ಮ ಹುಡುಗರು ಏನನ್ನು ಉಸಿರಾಡುತ್ತಿದ್ದಾರೆ ಎಂಬುದನ್ನು ಯಾರೂ ಲೆಕ್ಕ ಹಾಕುತ್ತಿಲ್ಲ ಎಂಬುದೇ ನನ್ನ ಸಂಕಟ.

ಬಣ್ಣದ ಅಂಗಡಿಯ ಥಿನ್ನರ್ ಒಂದೇ ಪದಾರ್ಥವಲ್ಲ, ಹಲವು ದ್ರಾವಕಗಳ ಮಿಶ್ರಣ. ಟಾಲ್ವೀನ್ ಮತ್ತು ಝೈಲೀನ್ ಅದರಲ್ಲಿ ಸಾಮಾನ್ಯ. ಮುಚ್ಚಿದ ಕೋಣೆಯಲ್ಲಿ ಅದರ ಆವಿ ತಲೆನೋವು, ತಲೆಸುತ್ತು ತರುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ನರಮಂಡಲಕ್ಕೆ ಹಾನಿ ಮಾಡುತ್ತದೆ. ಇನ್ನು ಕೆಲವರು ಬಳಸುವ ಪೆಟ್ರೋಲ್‌ನಲ್ಲಿ ಬೆಂಜೀನ್ ಇರುತ್ತದೆ. ಈಗಿನ ಬಿಎಸ್-6 ಪೆಟ್ರೋಲ್‌ನಲ್ಲಿ ಅದು ಶೇ 1ನ್ನು ಮೀರಬಾರದೆಂಬ ನಿಯಮವಿದೆ, ಆದರೆ ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲ ಪದಾರ್ಥವೆಂಬುದು ಖಚಿತವಾಗಿ ತಿಳಿದಿರುವಾಗ ಪೆಟ್ರೋಲನ್ನು ಬಟ್ಟೆಗೆ ಸುರಿದು ಮೂಗಿನ ಕೆಳಗೆ ಹಿಡಿದು ಕೆಲಸ ಮಾಡುವುದು ಯಾವ ಉಳಿತಾಯ? ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಹೆಚ್ಚಾಗಿ ಅಸಿಟೋನ್ ಇರುತ್ತದೆ. ಅದು ಲ್ಯಾಪ್‌ಟಾಪ್‌ಗಳ ಮೈಗೆ ಬಳಸುವ ಎಬಿಎಸ್, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ಗಳನ್ನೇ ಕೆಡಿಸುತ್ತದೆ, ಜೊತೆಗೆ ಅದರಲ್ಲಿ ಬೆರೆಸಿದ ಬಣ್ಣ ಮತ್ತು ಸುಗಂಧ ಲೋಹದ ಮೇಲೆ ಉಳಿಯುತ್ತವೆ. ಸೀಮೆಎಣ್ಣೆ ಮತ್ತು ತುಕ್ಕು ಬಿಡಿಸುವ ಸ್ಪ್ರೇಗಳು ಎಣ್ಣೆಯ ಪದರವನ್ನೇ ಬಿಟ್ಟುಹೋಗುತ್ತವೆ. ಅವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಆದೀತೇ ಎಂದು ಅನೇಕರು ಕೇಳುತ್ತಾರೆ. ಬ್ರಿಟಿಷ್ ಫಾರ್ಮಾಕೊಪಿಯ ಎಂಬ ಔಷಧ ಗ್ರಂಥದ ಸೂತ್ರದಂತೆ ತಯಾರಾದ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಆಲ್ಕೊಹಾಲ್ ಜೊತೆಗೆ ಹರಳೆಣ್ಣೆ ಮತ್ತು ಮೀಥೈಲ್ ಸ್ಯಾಲಿಸಿಲೇಟ್ ಸೇರಿರುತ್ತವೆ. ಹರಳೆಣ್ಣೆ ಚರ್ಮಕ್ಕೆ ಹಿತವಾದರೂ ಪೇಸ್ಟ್ ಹಚ್ಚಬೇಕಾದ ಲೋಹಕ್ಕೆ ಅಲ್ಲ. ಹ್ಯಾಂಡ್ ಸ್ಯಾನಿಟೈಸರ್‌ನ ಪಾಠವನ್ನು ನಾನು ನನ್ನ ಪ್ರಯೋಗಾಲಯದಲ್ಲೇ ಕಲಿತೆ. ಕೋವಿಡ್ ನಂತರ 2021ರಲ್ಲಿ ತರಗತಿಗಳು ಮತ್ತೆ ಶುರುವಾದಾಗ ಎಲ್ಲ ಯಂತ್ರಗಳಲ್ಲೂ ದೂಳು ಕೂತಿತ್ತು, ಕಾಲೇಜಿನಲ್ಲಿ ಸ್ಯಾನಿಟೈಸರ್ ಕ್ಯಾನುಗಟ್ಟಲೆ ಉಳಿದಿತ್ತು. ಅದರಲ್ಲಿ ಇರುವುದೂ ಆಲ್ಕೊಹಾಲೇ ತಾನೆ ಎಂದು ನಾನೇ ಅನುಮತಿ ಕೊಟ್ಟೆ. ಕೆಲವೇ ವಾರಗಳಲ್ಲಿ ನಾಲ್ಕು ಯಂತ್ರಗಳು ಹಿಂದಿಗಿಂತ ಹೆಚ್ಚು ಬಿಸಿಯಾಗತೊಡಗಿದವು. ಬಿಚ್ಚಿ ನೋಡಿದರೆ ಹೊಸ ಪೇಸ್ಟಿನ ಅಡಿಯಲ್ಲಿ ಅಂಟಂಟಾದ ಪೊರೆ. ವಿಶ್ವ ಆರೋಗ್ಯ ಸಂಸ್ಥೆಯ ಸ್ಯಾನಿಟೈಸರ್ ಸೂತ್ರದಲ್ಲೇ ಕೈ ಒಣಗದಿರಲೆಂದು ಶೇ 1.45ರಷ್ಟು ಗ್ಲಿಸರಾಲ್ ಇದೆ. ಜೆಲ್ ರೂಪದಲ್ಲಾದರೆ ಅದನ್ನು ಗಟ್ಟಿಯಾಗಿಸುವ ಪದಾರ್ಥವೂ ಸೇರಿರುತ್ತದೆ. ಇವೆರಡೂ ಆವಿಯಾಗಿ ಹೋಗುವಂಥವಲ್ಲ. ನಲವತ್ತು ಯಂತ್ರಗಳನ್ನು ಮತ್ತೆ ಬಿಚ್ಚಿ ಒರೆಸಬೇಕಾಯಿತು.

ಹಾಗಾದರೆ ಏನನ್ನು ಬಳಸಬೇಕು? ನನ್ನ ಉತ್ತರ ಸ್ಪಷ್ಟವಾಗಿದೆ: ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್, ಅದೂ ಸ್ವಲ್ಪವೇ. ಅದು 82 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವವಾದರೂ ಸಾಮಾನ್ಯ ಉಷ್ಣಾಂಶದಲ್ಲೇ ಬೇಗ ಆರುತ್ತದೆ, ಶುದ್ಧವಾಗಿದ್ದರೆ ಹಿಂದೆ ಏನನ್ನೂ ಬಿಡುವುದಿಲ್ಲ, ತಾಮ್ರ, ನಿಕ್ಕಲ್, ಅಲ್ಯೂಮಿನಿಯಂ ಯಾವುದನ್ನೂ ಕೆಡಿಸುವುದಿಲ್ಲ, ಬೋರ್ಡಿನ ಮೇಲಿನ ಪ್ಲಾಸ್ಟಿಕ್‌ಗಳಿಗೂ ಸಾಮಾನ್ಯವಾಗಿ ತೊಂದರೆ ಮಾಡದು. ಶೇ 70ರದ್ದು ಅಗ್ಗವಾಗಿ ಸಿಗುತ್ತದೆ, ರೋಗಾಣು ಕೊಲ್ಲಲು ಅದೇ ಮೇಲು. ಏಕೆಂದರೆ ಆ ಕೆಲಸಕ್ಕೆ ಅದರಲ್ಲಿರುವ ನೀರು ಬೇಕು. ಬೋರ್ಡಿನ ಹತ್ತಿರ ಕೆಲಸ ಮಾಡುವವರಿಗೆ ಬೇಡವಾದದ್ದು ಆ ನೀರೇ. ಬೇರೇನೂ ಸಿಗದೆ ಅದನ್ನೇ ಬಳಸಬೇಕಾಗಿ ಬಂದರೆ ಬಿಚ್ಚಿಟ್ಟ ಹೀಟ್‌ಸಿಂಕ್‌ಗೆ ಬಳಸಿ, ಚೆನ್ನಾಗಿ ಒಣಗಿಸಿದ ಮೇಲೆ ಕೂರಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತರಿಸುವ ಅಂಗಡಿಯವರಿಗೆ ಶೇ 99ರದ್ದನ್ನು ಅದರ ಜೊತೆಗೇ ತರಿಸುವುದು ಕಷ್ಟವಲ್ಲ. ಒಂದು ಪ್ರೊಸೆಸರ್‌ಗೆ ಒಂದು ಚಮಚದಷ್ಟೂ ಬೇಕಾಗುವುದಿಲ್ಲವಾದ್ದರಿಂದ, ಪೆಟ್ರೋಲ್‌ಗಿಂತ ದುಬಾರಿ ಎಂಬ ಆಕ್ಷೇಪ ಲೆಕ್ಕಕ್ಕೆ ನಿಲ್ಲುವುದಿಲ್ಲ.

ಆದರೆ ‘ಸುರಕ್ಷಿತ’ ಎಂಬ ಮಾತನ್ನು ಅದಕ್ಕೂ ಎಚ್ಚರದಿಂದಲೇ ಹೇಳಬೇಕು. ಐಸೊಪ್ರೊಪೈಲ್ ಆಲ್ಕೊಹಾಲ್‌ನ ಆವಿ ಸುಮಾರು 12 ಡಿಗ್ರಿ ಉಷ್ಣಾಂಶದಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ನಮ್ಮ ದಾವಣಗೆರೆಯ ಕೋಣೆಯೊಳಗೆ ಮಾಗಿಯ ಬೆಳಗಿನಲ್ಲೂ ಅದಕ್ಕಿಂತ ಹೆಚ್ಚು ಉಷ್ಣಾಂಶ ಇರುತ್ತದೆ. ಆ ಆವಿ ಗಾಳಿಗಿಂತ ಎರಡು ಪಟ್ಟು ಭಾರ, ಹಾಗಾಗಿ ಮೇಲೇರಿ ಹೋಗದೆ ಮೇಜಿನಿಂದ ಇಳಿದು ನೆಲದ ಮಟ್ಟದಲ್ಲಿ ಹರಡುತ್ತದೆ. ರಿಪೇರಿ ಅಂಗಡಿಯ ಮೇಜನ್ನು ಕಣ್ಣೆದುರು ತಂದುಕೊಳ್ಳಿ: ಒಂದು ಕಡೆ ಕಾದ ಸೋಲ್ಡರಿಂಗ್ ಐರನ್, ಇನ್ನೊಂದು ಕಡೆ ಹಾಟ್ ಏರ್ ಗನ್, ಗೋಡೆಯಲ್ಲಿ ದೇವರ ಪಟ, ಅದರ ಮುಂದೆ ಬೆಳಗ್ಗೆ ಹಚ್ಚಿದ ಊದುಬತ್ತಿ ಮತ್ತು ದೀಪ. ಪೂಜೆ ಮುಗಿದು ದೀಪ ಶಾಂತವಾದ ಮೇಲೆಯೇ ಬಾಟಲಿ ತೆರೆಯಬೇಕು, ಕಿಟಕಿ ಅಥವಾ ಷಟರ್ ತೆರೆದಿರಬೇಕು, ಮೇಜಿನ ಮೇಲೆ ದಿನಕ್ಕೆ ಬೇಕಾದಷ್ಟು ಮಾತ್ರ, ಐವತ್ತು ಅಥವಾ ನೂರು ಮಿಲಿ ಲೀಟರ್, ಇರಬೇಕು. ದೊಡ್ಡ ಕ್ಯಾನು ಬೇರೆ ಕಡೆ ತಂಪಾದ ಜಾಗದಲ್ಲಿರಬೇಕು. ಪೆಟ್ರೋಲ್ ಮತ್ತು ಅಸಿಟೋನ್ ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೇ ಹೊತ್ತಿಕೊಳ್ಳಬಲ್ಲ ಆವಿ ಕೊಡುತ್ತವೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಬೆಂಕಿ ಹತ್ತದಿದ್ದರೆ ಸುರಕ್ಷಿತ ಎಂಬ ಇನ್ನೊಂದು ನಂಬಿಕೆಯೂ ನಮ್ಮಲ್ಲಿತ್ತು. ನಾನು ಹುಡುಗನಾಗಿದ್ದಾಗ ಟೇಪ್‌ರೆಕಾರ್ಡರ್ ರಿಪೇರಿ ಕಲಿತ ದಿನಗಳಲ್ಲಿ ‘ಸಿಟಿಸಿ’ ಎಂಬ ದ್ರವವನ್ನು ಬರಿಗೈಯಲ್ಲಿ ಬಳಸುತ್ತಿದ್ದೆವು. ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ಆ ದ್ರವಕ್ಕೆ ಬೆಂಕಿ ಹತ್ತುವುದೇ ಇಲ್ಲ; ಒಂದು ಕಾಲಕ್ಕೆ ಅದನ್ನು ಬೆಂಕಿ ಆರಿಸಲೂ ಬಳಸುತ್ತಿದ್ದರು. ಆದರೆ ಅದು ಯಕೃತ್ತಿಗೆ ವಿಷ, ಓಜೋನ್ ಪದರಕ್ಕೆ ಶತ್ರು. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಭಾರತದಲ್ಲಿ 2010ರ ಹೊತ್ತಿಗೆ ಅಂಥ ಬಳಕೆ ನಿಂತಿತು. ನಮಗೆ ಅದನ್ನು ಕಲಿಸಿಕೊಟ್ಟ ಮೇಸ್ತ್ರಿಗೂ ಅದರ ಗುಣ ತಿಳಿದಿರಲಿಲ್ಲ, ತಿಳಿಸುವವರೂ ಇರಲಿಲ್ಲ. ಅದರ ನೆಂಟನೇ ಆದ ಟ್ರೈಕ್ಲೋರೋಎಥಿಲೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಅದನ್ನು ಜಿಡ್ಡು ತೆಗೆಯುವ ದ್ರವವೆಂದು ಯಾರಾದರೂ ಮಾರಿದರೆ ಕೊಳ್ಳಬೇಡಿ.

ಬೇಗ ಆರುತ್ತದೆ ಎಂಬ ಕಾರಣಕ್ಕೆ, ಅಗ್ಗವಾಗುತ್ತದೆ ಎಂಬ ಕಾರಣಕ್ಕೆ ದ್ರಾವಕ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಪೂರ್ವ ಏಷ್ಯಾದ ಎರಡು ಪ್ರಸಂಗಗಳಿವೆ. ಚೀನಾದ ಸುಝೌ ನಗರದ ಕಾರ್ಖಾನೆಯೊಂದರಲ್ಲಿ 2009ರ ಹೊತ್ತಿಗೆ ಮೊಬೈಲ್ ಪರದೆ ಒರೆಸಲು ಆಲ್ಕೊಹಾಲ್ ಬದಲು ಇನ್ನೂ ಬೇಗ ಆರುವ ಎನ್-ಹೆಕ್ಸೇನ್ ಬಳಸಿದರು. 137 ಕಾರ್ಮಿಕರು ಅನಾರೋಗ್ಯಕ್ಕೆ ಒಳಗಾದರು. ಹೆಕ್ಸೇನ್ ದೇಹದೊಳಗೆ ಕೈಕಾಲುಗಳ ನರಗಳಿಗೆ ಹಾನಿ ಮಾಡುವ ಪದಾರ್ಥವಾಗಿ ಬದಲಾಗುತ್ತದೆ, ಬೆರಳುಗಳು ಜೋಮು ಹಿಡಿದು ನಡೆಯುವುದೇ ಕಷ್ಟವಾಗುತ್ತದೆ. ದಕ್ಷಿಣ ಕೊರಿಯಾದಲ್ಲಿ 2015-16ರಲ್ಲಿ ಮೊಬೈಲ್‌ನ ಅಲ್ಯೂಮಿನಿಯಂ ಭಾಗಗಳನ್ನು ಕೊರೆಯುವ ಸಣ್ಣ ಘಟಕಗಳಲ್ಲಿ ಎಥನಾಲ್ ಬದಲು ಅದಕ್ಕಿಂತ ಅಗ್ಗವಾದ ಮೆಥನಾಲ್ ಬಳಸಿದ್ದರಿಂದ ಇಪ್ಪತ್ತು ಮೂವತ್ತರ ಹರೆಯದ ಕೆಲಸಗಾರರು ಕಣ್ಣು ಕಳೆದುಕೊಂಡರು. ಅವರು ಅದನ್ನು ಕುಡಿದಿರಲಿಲ್ಲ, ಉಸಿರಿನಲ್ಲಿ ಮತ್ತು ಚರ್ಮದ ಮೂಲಕ ಒಳಗೆ ಸೇರಿಸಿಕೊಂಡಿದ್ದರು.

ಮೆಥನಾಲ್ ಎಂದರೆ ಏನೆಂದು ಕರ್ನಾಟಕಕ್ಕೆ ಹೊಸದಾಗಿ ಹೇಳಬೇಕಾಗಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತದ್ದು ಅದರಿಂದಲೇ. 2020ರ ಜೂನ್‌ನಲ್ಲಿ ಮೆಥನಾಲ್ ಬೆರೆಸಿದ ಸ್ಯಾನಿಟೈಸರ್‌ಗಳ ಬಗ್ಗೆ ಸಿಬಿಐ ರಾಜ್ಯಗಳ ಪೊಲೀಸರಿಗೆ ಎಚ್ಚರಿಕೆ ನೀಡಿತ್ತು. ನೋಡಲು ಅದು ನೀರಿನಂತೆ ತಿಳಿ, ವಾಸನೆಯಿಂದ ಸಾಮಾನ್ಯರು ಅದನ್ನು ಬೇರೆ ಆಲ್ಕೊಹಾಲ್‌ಗಳಿಂದ ಗುರುತಿಸಲಾರರು. ಬಿಳಿ ಕ್ಯಾನಿನಿಂದ ಅಳೆದು ಕೊಡುವ, ಹೆಸರಿಲ್ಲದ, ಬರಿ ‘ಸ್ಪಿರಿಟ್’ ಅಥವಾ ‘ಕ್ಲೀನರ್’ ಎಂದು ಕರೆಯುವ ದ್ರವವನ್ನು ಕೊಳ್ಳಬಾರದು ಎಂದು ನಾನು ಪಟ್ಟು ಹಿಡಿಯುವುದು ಈ ಕಾರಣಕ್ಕೆ.

ಒರೆಸುವ ಕ್ರಮದ ಬಗ್ಗೆಯೂ ನಾಲ್ಕು ಮಾತು ಹೇಳಿದರೆ ತಪ್ಪಾಗಲಾರದು, ಏಕೆಂದರೆ ಕ್ರಮ ಸರಿಯಿದ್ದರೆ ದ್ರಾವಕವೇ ಕಡಿಮೆ ಸಾಕು. ದೂಳಿಗೆ ಯಾವ ದ್ರವವೂ ಬೇಡ. ಒಣ ಬ್ರಷ್ಷು, ಬ್ಲೋವರ್ ಸಾಕು, ಗಾಳಿ ಊದುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದುಕೊಂಡರೆ ಆಯಿತು. ನಾನು ಕಂಡ ಬಿಸಿಯ ದೂರುಗಳಲ್ಲಿ ಎಷ್ಟೋ ಅಲ್ಲಿಗೇ ಪರಿಹಾರವಾದವು. ಹೀಟ್‌ಸಿಂಕ್ ತೆಗೆಯುವ ಮೊದಲು ಯಂತ್ರವನ್ನು ಕೆಲವು ನಿಮಿಷ ಓಡಿಸಿ ಪೇಸ್ಟನ್ನು ಬೆಚ್ಚಗೆ ಮಾಡಿ, ನಂತರ ಆರಿಸಿ, ವಿದ್ಯುತ್ ತಂತಿಯನ್ನು ಕಿತ್ತು, ನೇರವಾಗಿ ಎಳೆಯದೆ ಮೆಲ್ಲಗೆ ಆಚೀಚೆ ತಿರುಗಿಸಿ ಬಿಡಿಸಬೇಕು. ಹಾಗೆ ಮಾಡದಿದ್ದರೆ ಎಎಂಡಿ ಕಂಪನಿಯ, ಎಎಂ4 ಎಂಬ ಸಾಕೆಟ್ ಮಾದರಿಯ ತನಕದ ಪ್ರೊಸೆಸರ್‌ಗಳು ಹೀಟ್‌ಸಿಂಕ್‌ಗೆ ಅಂಟಿಕೊಂಡೇ ಸಾಕೆಟ್‌ನಿಂದ ಕಿತ್ತು ಬಂದು ಪಿನ್ನುಗಳು ಬಾಗುವುದುಂಟು. ಪೇಸ್ಟಿನ ಬಹುಪಾಲು ಒಣ ಬಟ್ಟೆಗೇ ಬರುತ್ತದೆ. ಉಳಿದದ್ದಕ್ಕೆ ಮಾತ್ರ ದ್ರಾವಕ, ಅದನ್ನೂ ಪ್ರೊಸೆಸರ್ ಮೇಲೆ ಸುರಿಯದೆ ಬಟ್ಟೆಗೆ ಹಾಕಿಕೊಂಡು, ಗಟ್ಟಿಯಾದ ಜಾಗದ ಮೇಲೆ ಒಂದು ನಿಮಿಷ ಒತ್ತಿಟ್ಟು, ಅಂಚಿನಿಂದ ನಡುವಿಗೆ ಒರೆಸಬೇಕು. ಕಾಫಿ ಫಿಲ್ಟರ್ ಕಾಗದ ಬಳಸಿ ಎಂದು ಹೊರದೇಶದವರು ಹೇಳುತ್ತಾರೆ. ನಮ್ಮ ಮನೆಗಳ ಫಿಲ್ಟರ್ ಹಿತ್ತಾಳೆಯದೋ ಸ್ಟೀಲಿನದೋ ಆದ್ದರಿಂದ, ಕನ್ನಡಕ ಒರೆಸುವಂಥ ಎಳೆ ಬಿಡದ ಬಟ್ಟೆಯೇ ನಮಗೆ ಸರಿ. ಹತ್ತಿ ಉಂಡೆ ಬೇಡ, ಅದರ ಎಳೆಗಳು ಉಳಿಯುತ್ತವೆ. ಸ್ಕ್ರೂಡ್ರೈವರ್ ತುದಿಯಿಂದ ಕೆರೆಯುವುದಂತೂ ಬೇಡವೇ ಬೇಡ.

ಫ್ಯಾನು ಕಳಚಿದ ಅಲ್ಯೂಮಿನಿಯಂ ಹೀಟ್‌ಸಿಂಕ್‌ಗೆ ಜಿಡ್ಡು ಹಿಡಿದಿದ್ದರೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲೇ ತೊಳೆದು ಪೂರ್ತಿ ಒಣಗಿಸಬಹುದು. ಕಾಸ್ಟಿಕ್ ಸೋಡಾ ಮಾತ್ರ ಮುಟ್ಟಿಸಬಾರದು, ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಹೈಡ್ರೋಜನ್ ಅನಿಲವನ್ನೂ ಹೊರಬಿಡುತ್ತದೆ. ತಾಮ್ರದ ತಳ ಮಸುಕಾಗಿದೆ ಎಂದು ದೇವರ ಚೆಂಬಿಗೆ ಹಚ್ಚುವಂತೆ ಹುಣಸೆಹಣ್ಣು ಹಚ್ಚಿದವರನ್ನೂ ನೋಡಿದ್ದೇನೆ. ಆ ಮಸುಕಿನಿಂದ ತೊಂದರೆಯೇನೂ ಇಲ್ಲ, ಸಂದುಗಳಲ್ಲಿ ಉಳಿದ ಹುಳಿಯಿಂದ ಇದೆ. ಇನ್ನು ಪೇಸ್ಟಿನ ಬದಲು ದ್ರವಲೋಹ ಹಾಕಿರುವ ಯಂತ್ರಗಳು ಬರುತ್ತಿವೆ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಒಳಗೆ ಇಳಿದು ಅದನ್ನು ಪುಡಿಪುಡಿ ಮಾಡುತ್ತದೆ, ಬೋರ್ಡಿನ ಮೇಲೆ ಒಂದು ಹನಿ ಉರುಳಿದರೂ ಶಾರ್ಟ್ ಆಗುತ್ತದೆ. ಅನುಭವವಿಲ್ಲದವರು ಅಂಥದ್ದನ್ನು ಬಿಚ್ಚದಿರುವುದೇ ಲೇಸು.

ಆಕಸ್ಮಾತ್ತಾಗಿ ಯಾರಾದರೂ ಥಿನ್ನರ್ ಅಥವಾ ಪೆಟ್ರೋಲ್ ಕುಡಿದರೆ ವಾಂತಿ ಮಾಡಿಸಬಾರದು, ಅದು ಶ್ವಾಸಕೋಶಕ್ಕೆ ಇಳಿದರೆ ಅಪಾಯ ಹೆಚ್ಚು. ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು, ಬಾಟಲಿಯನ್ನೂ ಜೊತೆಗೆ ಒಯ್ಯಬೇಕು. ಬಾಟಲಿಯ ಮೇಲೆ ಹೆಸರೇ ಇಲ್ಲದಿದ್ದರೆ ವೈದ್ಯರಾದರೂ ಏನನ್ನು ಓದಿಕೊಂಡಾರು?

ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದು ಕುರಿತ 1989ರ ಕೇಂದ್ರ ನಿಯಮಗಳು ಅಂಥ ರಾಸಾಯನಿಕದ ಪಾತ್ರೆಯ ಮೇಲೆ ಒಳಗೇನಿದೆ, ತಯಾರಿಸಿದವರು ಯಾರು, ಅದರ ಗುಣ ಮತ್ತು ವಿಷದ ಸ್ವಭಾವವೇನು ಎಂಬುದು ಇರಬೇಕೆಂದು ಹೇಳುತ್ತವೆ. ಕಾರ್ಖಾನೆಯ ಡ್ರಮ್ಮಿನ ಮೇಲೆ ಈ ವಿವರ ಇರುತ್ತದೆ. ಡ್ರಮ್ಮಿನಿಂದ ಕ್ಯಾನಿಗೆ, ಕ್ಯಾನಿನಿಂದ ನೀರಿನ ಬಾಟಲಿಗೆ ಇಳಿಯುವ ದಾರಿಯಲ್ಲಿ ಅದು ಕಳೆದುಹೋಗುತ್ತದೆ. ಆ ಕೊನೆಯ ಮಜಲಿನ ಮೇಲೆ ಸಂಬಂಧಪಟ್ಟ ಇಲಾಖೆಗಳು ಕಣ್ಣಿಡಬೇಕು. ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಹಾರ್ಡ್‌ವೇರ್ ಕಲಿಸುವ ಬೋಧಕರು ಪ್ರೊಸೆಸರ್ ಬಿಚ್ಚುವುದನ್ನು ತೋರಿಸುವ ದಿನವೇ ದ್ರಾವಕದ ಪಾಠವನ್ನೂ ಮಾಡಬೇಕೆಂದು ಕೋರುತ್ತೇನೆ. ಶಾಲಾ ಕಾಲೇಜುಗಳು ಜೂನ್‌ಗೆ ಮುಂಚೆ ಕಂಪ್ಯೂಟರ್ ನಿರ್ವಹಣೆಗೆ ಟೆಂಡರ್ ಕರೆಯುವಾಗ ‘ಕ್ಲೀನಿಂಗ್ ಲಿಕ್ವಿಡ್’ ಎಂದು ಬರೆದು ಬಿಡದೆ, ‘ಐಸೊಪ್ರೊಪೈಲ್ ಆಲ್ಕೊಹಾಲ್, ಶೇ 99, ತಯಾರಕರ ಮೊಹರಿರುವ 500 ಮಿಲಿ ಲೀಟರ್ ಬಾಟಲಿ, ಕನ್ನಡದ ಲೇಬಲ್ ಸಹಿತ’ ಎಂದು ಸ್ಪಷ್ಟವಾಗಿ ಬರೆಯಲಿ.

ನನ್ನ ಸೋದರಳಿಯನ ಅಂಗಡಿಗೆ ಮರುವಾರ ನಾನೇ ಒಂದು ಬಾಟಲಿ ಕೊಟ್ಟು ಬಂದೆ. ಅಲ್ಲಿ ಬಿಹಾರದಿಂದ ಬಂದ ಹುಡುಗನೂ ಕೆಲಸ ಮಾಡುತ್ತಿರುವುದರಿಂದ, ಒಳಗೇನಿದೆ, ಕುಡಿಯಬಾರದು, ಬೆಂಕಿಯ ಬಳಿ ಇಡಬಾರದು ಎಂಬ ಮೂರು ಸಾಲನ್ನು ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಅಂಟಿಸಿದ್ದೇವೆ. ಥಿನ್ನರ್ ತುಂಬಿದ್ದ ನೀರಿನ ಬಾಟಲಿಯನ್ನು ಮಾಲೀಕರೇ ಮೇಜಿನಿಂದ ತೆಗೆದಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ಬೋಧಕ, ದಾವಣಗೆರೆ